ಹಳೆ ಗಣಕಕ್ಕೆ ಹೊಸ ವಿಂಡೋಸ್ ಬೇಕೆ?

ತಾಲ್ಲೂಕು ಕಚೇರಿಯ ಎದುರು ಡಿ.ಟಿ.ಪಿ. ಅಂಗಡಿ ಇಟ್ಟುಕೊಂಡಿರುವ ಓದುಗರೊಬ್ಬರು ಎರಡು ಪುಟ ತುಂಬ ಪತ್ರ ಬರೆದಿದ್ದಾರೆ. ಅರ್ಜಿ, ಅಫಿಡವಿಟ್ಟು, ಮದುವೆಯ ಕರೆಯೋಲೆ, ಪಹಣಿ ಪ್ರಿಂಟು ಇವೇ ಅವರ ಹೊಟ್ಟೆಪಾಡು. ಅಂಗಡಿಯಲ್ಲಿರುವುದು ಒಂದೇ ಗಣಕಯಂತ್ರ. 2018ರಲ್ಲಿ ಕೊಂಡದ್ದು. ಐ3-7100 ಪ್ರೊಸೆಸರ್, ನಾಲ್ಕು ಜಿ.ಬಿ. ರ್‍ಯಾಮ್, ವಿಂಡೋಸ್ 10. ಈ ವಿಂಡೋಸ್‌ಗೆ ಕಂಪನಿಯ ಬೆಂಬಲ ಮುಗಿಯಿತು ಎಂಬ ಸೂಚನೆ ಪರದೆಯ ಮೇಲೆ ಬಂದಾಗಿನಿಂದ ಅವರಿಗೆ ನಿದ್ದೆಯಿಲ್ಲ. ಕಂಪ್ಯೂಟರ್ ಮಾರುವವರು “ಇದು ಗುಜರಿಗೆ, ಹೊಸದು ತಗೊಳ್ಳಿ” ಎಂದರಂತೆ. ರಿಪೇರಿಯ ಹುಡುಗ “ಐನೂರು ಕೊಡಿ, ಇದರಲ್ಲೇ ವಿಂಡೋಸ್ 11 ಕೂರಿಸ್ತೀನಿ” ಎಂದನಂತೆ. ಭಾವಮೈದುನ ಮಾತ್ರ “ನಡೀತಾ ಇದೆಯಲ್ಲ ಭಾವ, ಸುಮ್ಮನಿರಿ” ಎನ್ನುತ್ತಾರಂತೆ. “ಮೇಷ್ಟ್ರೇ, ಈ ಮೂವರಲ್ಲಿ ಯಾರ ಮಾತು ಕೇಳಲಿ?” ಎಂಬುದು ಅವರ ಪ್ರಶ್ನೆ.

ಈ ಸಂಕಟ ಅವರೊಬ್ಬರದಲ್ಲ. ವಿಂಡೋಸ್ 11ಕ್ಕೆ ಯೋಗ್ಯವಲ್ಲದ ಕಾರಣಕ್ಕೆ ಜಗತ್ತಿನಾದ್ಯಂತ ಸುಮಾರು 24 ಕೋಟಿ ಗಣಕಗಳು ಕಸಕ್ಕೆ ಸೇರಬಹುದು ಎಂದು ಕ್ಯಾನಲಿಸ್ ಎಂಬ ಮಾರುಕಟ್ಟೆ ಅಧ್ಯಯನ ಸಂಸ್ಥೆ 2023ರಲ್ಲೇ ಅಂದಾಜು ಮಾಡಿತ್ತು. ನಮ್ಮ ಶಾಲೆಯ ಪ್ರಯೋಗಾಲಯದಲ್ಲೂ ಅಂಥವು ಇವೆ. ಹಾಗಾಗಿ ಉತ್ತರವನ್ನು ಸ್ವಲ್ಪ ವಿಸ್ತಾರವಾಗಿಯೇ ಬರೆಯುತ್ತೇನೆ.

ಮೊದಲು, ಮುಗಿದದ್ದು ಏನು ಎಂಬುದನ್ನು ನೋಡೋಣ. ಆಪರೇಟಿಂಗ್ ಸಿಸ್ಟಂ ಅಂದರೆ ಕಾರ್ಯಾಚರಣ ವ್ಯವಸ್ಥೆ. ಅದನ್ನು ಶಾಲೆಯ ಜವಾನನಿಗೆ ಹೋಲಿಸಬಹುದು. ಬೆಳಗ್ಗೆ ಬಂದು ಬೀಗ ತೆಗೆಯುವವನು ಅವನೇ, ಯಾವ ತರಗತಿಗೆ ಯಾವ ಕೋಣೆ ಎಂದು ಕೀಲಿ ಕೊಡುವವನೂ ಅವನೇ, ಹೊರಗಿನವರು ಬಂದರೆ ಗೇಟಿನಲ್ಲಿ ತಡೆಯುವವನೂ ಅವನೇ. ನೀವು ಪತ್ರ ಟೈಪ್ ಮಾಡುವ ತಂತ್ರಾಂಶಕ್ಕೆ ಪ್ರಿಂಟರ್ ಬೇಕಾದರೆ ಅದು ನೇರವಾಗಿ ಪ್ರಿಂಟರನ್ನು ಮುಟ್ಟುವಂತಿಲ್ಲ, ಇವನ ಮೂಲಕವೇ ಹೋಗಬೇಕು. ವಿಂಡೋಸ್ 10 ಈ ಕೆಲಸಕ್ಕೆ ಸೇರಿದ್ದು 2015ರ ಜುಲೈ 29ರಂದು. ಇದೇ ಕೊನೆಯ ವಿಂಡೋಸ್, ಇನ್ನು ಮುಂದೆ ಇದನ್ನೇ ತಿದ್ದುತ್ತ ಹೋಗುತ್ತೇವೆ ಎಂಬರ್ಥದ ಮಾತನ್ನು ಮೈಕ್ರೋಸಾಫ್ಟ್‌ನ ನೌಕರರೊಬ್ಬರು ಆ ವರ್ಷದ ಸಮ್ಮೇಳನವೊಂದರಲ್ಲಿ ಆಡಿದ್ದರು. ಜಗತ್ತು ಅದನ್ನು ನಂಬಿತು. ಆರು ವರ್ಷ ತುಂಬಿ ಕೆಲವು ತಿಂಗಳಾಗಿರಬೇಕು, 2021ರ ಅಕ್ಟೋಬರ್ 5ರಂದು ವಿಂಡೋಸ್ 11 ಬಂದೇ ಬಂದಿತು! 2025ರ ಅಕ್ಟೋಬರ್ 14ರಂದು ಹತ್ತಕ್ಕೆ ಬೆಂಬಲ ನಿಂತಿತು.

ಬೆಂಬಲ ನಿಂತರೆ ಯಂತ್ರ ನಿಲ್ಲುವುದಿಲ್ಲ. ನಿಮ್ಮ ಭಾವಮೈದುನ ಹೇಳುವುದು ಅಷ್ಟರಮಟ್ಟಿಗೆ ನಿಜ. ನಿಂತದ್ದು ದುರಸ್ತಿ. ಕೋಟಿಗಟ್ಟಲೆ ಸಾಲುಗಳ ತಂತ್ರಾಂಶದಲ್ಲಿ ದೋಷಗಳು ಇದ್ದೇ ಇರುತ್ತವೆ. ಅವು ಪತ್ತೆಯಾದಂತೆಲ್ಲ ಕಂಪನಿ ಪ್ರತಿ ತಿಂಗಳ ಎರಡನೆಯ ಮಂಗಳವಾರ ತೇಪೆಗಳನ್ನು ಕಳಿಸುತ್ತದೆ. ಇಲ್ಲೊಂದು ಸೂಕ್ಷ್ಮವಿದೆ, ಬಹಳ ಜನ ಗಮನಿಸುವುದಿಲ್ಲ. ಹತ್ತು ಮತ್ತು ಹನ್ನೊಂದರ ಒಳಗಿನ ಬಹುಭಾಗ ಒಂದೇ ಮೂಸೆಯದು. ಹನ್ನೊಂದಕ್ಕೆ ತೇಪೆ ಬಂದಾಗ, ಎಲ್ಲಿ ತೇಪೆ ಹಾಕಿದರು ಎಂದು ಬಿಚ್ಚಿ ನೋಡುವ ಕಳ್ಳರಿದ್ದಾರೆ. ಅದೇ ಜಾಗದಲ್ಲಿ ಹತ್ತರಲ್ಲೂ ತೂತು ಇರಬಹುದು ಎಂದು ಅವರಿಗೆ ಗೊತ್ತು. ಹೊಸ ಮನೆಯ ರಿಪೇರಿಯೇ ಹಳೆ ಮನೆಯ ಕನ್ನಕ್ಕೆ ನಕ್ಷೆ ಕೊಟ್ಟಂತೆ. ಹೀಗಾಗಿ ಬೆಂಬಲವಿಲ್ಲದ ಗಣಕ ಮೊದಲ ದಿನವೇ ಅಪಾಯಕ್ಕೆ ಬೀಳುವುದಿಲ್ಲ. ತಿಂಗಳು ತಿಂಗಳು ಸ್ವಲ್ಪ ಸ್ವಲ್ಪವಾಗಿ ಅದರ ಗೋಡೆ ತೆಳ್ಳಗಾಗುತ್ತ ಹೋಗುತ್ತದೆ.

ಇದು ಬರೀ ಹೆದರಿಕೆಯ ಮಾತೋ ಎಂದು ಕೇಳಬಹುದು. 2017ರ ಮೇ 12ರಂದು ‘ವಾನಾಕ್ರೈ’ ಎಂಬ ಹುಳು ಜಗತ್ತಿನ ಗಣಕಗಳಿಗೆ ನುಗ್ಗಿತು. ಯಾರೂ ಯಾವ ಕೊಂಡಿಯನ್ನೂ ಒತ್ತಬೇಕಾಗಿರಲಿಲ್ಲ. ಜಾಲದಲ್ಲಿದ್ದ ಒಂದು ಗಣಕದಿಂದ ಪಕ್ಕದ್ದಕ್ಕೆ ತಾನೇ ಹರಿದುಹೋಗುತ್ತಿತ್ತು. ಕಡತಗಳಿಗೆ ಗುಪ್ತಲಿಪಿಯ ಬೀಗ ಜಡಿದು, ತೆಗೆಯಬೇಕಾದರೆ 300 ಡಾಲರ್ ಮೌಲ್ಯದ ಬಿಟ್‌ಕಾಯಿನ್ ಕೊಡಿ ಎನ್ನುತ್ತಿತ್ತು. ಸುಮಾರು 150 ದೇಶಗಳ ಎರಡು ಲಕ್ಷಕ್ಕೂ ಹೆಚ್ಚು ಗಣಕಗಳು ಸಿಕ್ಕಿಬಿದ್ದವು. ಬ್ರಿಟನ್ನಿನ ಆಸ್ಪತ್ರೆಗಳು ರೋಗಿಗಳನ್ನು ವಾಪಸು ಕಳಿಸಬೇಕಾಯಿತು. ದೂರದ ಮಾತೇಕೆ, ನಮ್ಮ ಪಕ್ಕದ ವಯನಾಡಿನ ಗ್ರಾಮ ಪಂಚಾಯಿತಿ ಕಚೇರಿಯೊಂದರಲ್ಲೂ ಆ ಹುಳು ಕಾಣಿಸಿಕೊಂಡಿತ್ತು.

ಈ ಪ್ರಕರಣದಲ್ಲಿ ನನಗೆ ಬಹಳ ಮುಖ್ಯವೆನಿಸುವ ಸಂಗತಿ ಬೇರೆಯೇ ಇದೆ. ಆ ತೂತಿಗೆ ಮೈಕ್ರೋಸಾಫ್ಟ್ ಮಾರ್ಚ್ 14ರಂದೇ, ಅಂದರೆ ಎರಡು ತಿಂಗಳು ಮುಂಚೆಯೇ ತೇಪೆ ಕಳಿಸಿತ್ತು. ಬಲಿಯಾದವು ಬೆಂಬಲ ಮುಗಿದು ಮೂರು ವರ್ಷವಾಗಿದ್ದ ವಿಂಡೋಸ್ ಎಕ್ಸ್‌ಪಿ ಯಂತ್ರಗಳೇ ಇರಬೇಕು ಎಂದು ಎಲ್ಲರೂ ಊಹಿಸಿದರು. ಲೆಕ್ಕ ಹಾಕಿ ನೋಡಿದರೆ ಬಹುಪಾಲು ವಿಂಡೋಸ್ 7. ಅಂದು ಅದಕ್ಕೆ ಭದ್ರತೆಯ ಬೆಂಬಲ ಇನ್ನೂ ಇತ್ತು! ತೇಪೆ ಬಾಗಿಲಿಗೆ ಬಂದಿತ್ತು, ಒಳಗೆ ಕರೆದುಕೊಂಡವರಿರಲಿಲ್ಲ. ‘ಕೆಲಸದ ಮಧ್ಯೆ ಕಾಟ ಕೊಡುತ್ತದೆ’ ಎಂದು ಅಪ್‌ಡೇಟ್ ನಿಲ್ಲಿಸಿಟ್ಟಿದ್ದವರೇ ಹೆಚ್ಚು.

ಆದ್ದರಿಂದ ಅಪ್‌ಡೇಟ್ ಬೇರೆ, ಅಪ್‌ಗ್ರೇಡ್ ಬೇರೆ ಎಂಬುದನ್ನು ಮನಸ್ಸಿನಲ್ಲಿಟ್ಟುಕೊಳ್ಳಿ. ಮೊದಲನೆಯದು ಇರುವ ಮಾಡಿನ ಹೆಂಚು ಸರಿಮಾಡುವುದು. ಎರಡನೆಯದು ಮಾಡನ್ನೇ ಬದಲಿಸುವುದು. ಅಂಗಡಿಯವರು ಇವೆರಡನ್ನೂ ಕಲಸಿ ಹೇಳುತ್ತಾರೆ, ಏಕೆಂದರೆ ಮೊದಲನೆಯದರಲ್ಲಿ ಅವರಿಗೆ ಲಾಭವಿಲ್ಲ. ನೀವು ಕೇಳಿಕೊಳ್ಳಬೇಕಾದದ್ದು ‘ಹೊಸದು ಬೇಕೆ’ ಎಂದಲ್ಲ, ‘ನನ್ನ ಯಂತ್ರಕ್ಕೆ ಮುಂದಿನ ತಿಂಗಳೂ ದುರಸ್ತಿ ಬರುತ್ತದೆಯೆ’ ಎಂದು.

ನಿಮ್ಮ ವಿಷಯದಲ್ಲಿ ಅದು ಬಹಳ ಜರೂರು. ಯಾಕೆಂದರೆ ಆ ಗಣಕದಲ್ಲಿರುವುದು ನಿಮ್ಮ ಸ್ವತ್ತಲ್ಲ. ಆಧಾರ್ ಕಾರ್ಡು, ಬ್ಯಾಂಕ್ ಪಾಸ್‌ಬುಕ್ಕು, ಜಾತಿ ಪ್ರಮಾಣಪತ್ರಗಳ ಸ್ಕ್ಯಾನು ‘ಡಿ’ ಡ್ರೈವಿನಲ್ಲಿ ರಾಶಿ ಬಿದ್ದಿದೆ ಎಂದು ನೀವೇ ಬರೆದಿದ್ದೀರಿ. ವಿಧವಾ ವೇತನದ ಅರ್ಜಿ ಬರೆಸಿಕೊಂಡು ಹೋದ ಅಜ್ಜಿಗೆ ವಿಂಡೋಸ್ ಎಂದರೇನೆಂದು ಗೊತ್ತಿಲ್ಲ. ನಿಮ್ಮನ್ನು ನಂಬಿ ಕಾಗದ ಕೊಟ್ಟು ಹೋಗಿದ್ದಾರೆ. ಮನೆಯ ಮೂಲೆಯಲ್ಲಿ ಇಂಟರ್ನೆಟ್ಟಿಲ್ಲದೆ ಮಕ್ಕಳು ಚದುರಂಗ ಆಡುವ ಗಣಕವಾಗಿದ್ದರೆ ನಾನೂ ಭಾವಮೈದುನರ ಪಕ್ಷವೇ. ಅಂಗಡಿಯ ಈ ಗಣಕಕ್ಕೆ ಆ ಮಾತು ಹೊಂದುವುದಿಲ್ಲ.

ಇನ್ನು ಮಾರುವವರು ‘ನಿಮ್ಮದು ಯೋಗ್ಯವಲ್ಲ’ ಎಂದದ್ದು ಸುಳ್ಳಲ್ಲ. ವಿಂಡೋಸ್ 11 ಕೇಳುವುದು ನಾಲ್ಕು ಜಿ.ಬಿ. ರ್‍ಯಾಮ್, 64 ಜಿ.ಬಿ. ಜಾಗ. ಇಷ್ಟು ನಿಮ್ಮಲ್ಲಿದೆ. ಆದರೆ ಇಂಟೆಲ್ ಪ್ರೊಸೆಸರ್ ಆಗಿದ್ದರೆ, ಒಂದೆರಡು ಅಪವಾದ ಬಿಟ್ಟು, ಎಂಟನೆಯ ಪೀಳಿಗೆಯದು ಅಥವಾ ಈಚಿನದು ಬೇಕು. ಪೀಳಿಗೆ ಗುರುತಿಸುವುದು ಸುಲಭ. ಅಡ್ಡಗೆರೆಯ ನಂತರದ ನಾಲ್ಕಂಕಿಯಲ್ಲಿ ಮೊದಲ ಅಂಕಿ ನೋಡಿ. ನಿಮ್ಮ 7100 ಏಳನೆಯ ಪೀಳಿಗೆ. ಅದೇ 8100 ಆಗಿದ್ದರೆ ಎಂಟನೆಯದು. ಒಂದೇ ಮೆಟ್ಟಿಲಿನಲ್ಲಿ ತಪ್ಪಿಹೋಯಿತು! ಇದರ ಜೊತೆಗೆ ಟಿ.ಪಿ.ಎಂ. 2.0 ಎಂಬುದು ಇರಬೇಕು. ಗುಪ್ತ ಕೀಲಿಗಳನ್ನು ಮುಖ್ಯ ಸ್ಮೃತಿಯಿಂದ ಬೇರೆಯಾಗಿ ಕಾಯ್ದಿಡುವ ಪುಟ್ಟ ತಿಜೋರಿ ಅದು. ಕೆಲವರ ಗಣಕದಲ್ಲಿ ಅದು ಇದ್ದರೂ ಬಯಾಸ್‌ನಲ್ಲಿ ‘ಪಿ.ಟಿ.ಟಿ.’ ಎಂಬ ಹೆಸರಿನಲ್ಲಿ ನಿದ್ದೆ ಮಾಡುತ್ತಿರುತ್ತದೆ, ಎಬ್ಬಿಸಿದರೆ ಸಾಕು. ಎಂಟನೆಯ ಪೀಳಿಗೆಯ ಯಂತ್ರ ಇಟ್ಟುಕೊಂಡೂ ‘ಆಗುವುದಿಲ್ಲ’ ಎಂಬ ಸಂದೇಶ ನೋಡಿ ನಿರಾಶರಾದವರು ಮೊದಲು ಇದನ್ನು ಪರೀಕ್ಷಿಸಿ.

ರಿಪೇರಿ ಹುಡುಗನ ಐನೂರು ರೂಪಾಯಿಯ ವಿದ್ಯೆಯೂ ಸುಳ್ಳಲ್ಲ. ಈ ತಪಾಸಣೆಯನ್ನು ತಪ್ಪಿಸಿ ಹನ್ನೊಂದನ್ನು ಕೂರಿಸುವ ದಾರಿಗಳಿವೆ. ಆದರೆ ಹಾಗೆ ಕೂರಿಸಿದ ಯಂತ್ರಕ್ಕೆ ಅಪ್‌ಡೇಟ್ ಕೊಡುವ ಹೊಣೆ ತನ್ನದಲ್ಲ ಎಂದು ಮೈಕ್ರೋಸಾಫ್ಟ್ ಮೊದಲೇ ಕೈತೊಳೆದುಕೊಂಡಿದೆ. ತೇಪೆಗಾಗಿ ತಾನೆ ನಾವು ಇಷ್ಟೆಲ್ಲ ಮಾಡುತ್ತಿರುವುದು? ಅದಕ್ಕೇ ಖಾತ್ರಿ ಇಲ್ಲವೆಂದರೆ ಹೇಗೆ! ಹಳೆಯ ಕೋರ್ 2 ಡ್ಯುಯೊ ಯಂತ್ರಗಳಲ್ಲಿ ಹೀಗೆ ಹನ್ನೊಂದು ಹಾಕಿಸಿಕೊಂಡಿದ್ದವರಿಗೆ 2024ರ ಆವೃತ್ತಿ ಬಂದಾಗ ಬಾಗಿಲು ಮುಚ್ಚಿತು. ಆ ಪ್ರೊಸೆಸರ್‌ಗೆ ಗೊತ್ತಿಲ್ಲದ ಒಂದು ಆಜ್ಞೆಯನ್ನು ಹೊಸ ಆವೃತ್ತಿ ಕಡ್ಡಾಯ ಮಾಡಿತ್ತು. ಇನ್ನು ‘ಆ್ಯಕ್ಟಿವೇಟ್ ಮಾಡಿಕೊಡುತ್ತೇನೆ’ ಎಂದು ಆ ಹುಡುಗ ಪೆನ್‌ಡ್ರೈವಿನಿಂದ ಏನಾದರೂ ಚಾಲೂ ಮಾಡಲು ಹೊರಟರೆ ದಯವಿಟ್ಟು ತಡೆಯಿರಿ. ಕಳ್ಳಗೀಲಿ ಮಾಡಿಕೊಡುವವನು ತನಗೂ ಒಂದು ಇಟ್ಟುಕೊಳ್ಳುವುದಿಲ್ಲ ಎಂಬ ನಂಬಿಕೆ ಏನು?

‘ಗಣಕ ಬಹಳ ನಿಧಾನ, ಹನ್ನೊಂದು ಹಾಕಿದರೆ ಚುರುಕಾಗುತ್ತದೆಯೇ’ ಎಂದೂ ಕೇಳಿದ್ದೀರಿ. ಆಗುವುದಿಲ್ಲ. ನಿಮ್ಮಲ್ಲಿರುವುದು ತಿರುಗುವ ಹಾರ್ಡ್ ಡಿಸ್ಕ್. ಅದು ನಿಮಿಷಕ್ಕೆ 7200 ಸುತ್ತಿನದು ಎಂದಿಟ್ಟುಕೊಳ್ಳಿ, ಸೆಕೆಂಡಿಗೆ 120 ಸುತ್ತು. ಬೇಕಾದ ಮಾಹಿತಿ ಮುಳ್ಳಿನ ಕೆಳಗೆ ಬರಲು ಸರಾಸರಿ ಅರ್ಧ ಸುತ್ತು ಕಾಯಬೇಕು, ಅಂದರೆ ಸುಮಾರು ನಾಲ್ಕು ಮಿಲಿಸೆಕೆಂಡ್. ಮುಳ್ಳು ಆ ಜಾಡಿಗೆ ಸರಿಯುವ ಹೊತ್ತೂ ಸೇರಿದರೆ ಸೆಕೆಂಡಿಗೆ ನೂರು ಚೂರು ಮಾಹಿತಿ ಹೆಕ್ಕುವಷ್ಟರಲ್ಲಿ ಅದಕ್ಕೆ ಏದುಸಿರು. ಎಸ್.ಎಸ್.ಡಿ.ಯಲ್ಲಿ ತಿರುಗುವುದೇ ಇಲ್ಲವಾದ್ದರಿಂದ ಅದು ಸಾವಿರಗಟ್ಟಲೆ ಹೆಕ್ಕುತ್ತದೆ. ನಿಧಾನಕ್ಕೆ ಮದ್ದು ಎಸ್.ಎಸ್.ಡಿ. ಮತ್ತು ಇನ್ನೊಂದು ನಾಲ್ಕು ಜಿ.ಬಿ. ರ್‍ಯಾಮ್. ಎಷ್ಟೋ ಜನ ಈ ಒಂದು ಬಿಡಿಭಾಗದ ಆಸೆಗೆ ಇಡೀ ಗಣಕ ಬದಲಿಸುತ್ತಾರೆ.

ಈಗ ನಿಮ್ಮ ಪತ್ರದಲ್ಲಿ ಒಂದೇ ಸಾಲಿನಲ್ಲಿ ಬಂದುಹೋದ, ನನ್ನ ಮಟ್ಟಿಗೆ ಎಲ್ಲಕ್ಕಿಂತ ದೊಡ್ಡ ವಿಷಯಕ್ಕೆ ಬರುತ್ತೇನೆ. ‘ಪೇಜ್‌ಮೇಕರಿನಲ್ಲಿ ಮಾಡಿದ ಹಳೆಯ ಫೈಲುಗಳಿವೆ, ಎಲ್ಲಾ ನುಡಿ ಅಕ್ಷರ’ ಎಂದಿದ್ದೀರಿ.

ಗಣಕಕ್ಕೆ ಅಕ್ಷರ ಗೊತ್ತಿಲ್ಲ, ಅಂಕಿ ಮಾತ್ರ ಗೊತ್ತು. ಇಂಗ್ಲಿಷಿನ ದೊಡ್ಡ ‘ಎ’ಗೆ 65 ಎಂಬ ಅಂಕಿ. ಹಿಂದೆ ಒಟ್ಟು 256 ಮನೆಗಳ ಪಟ್ಟಿಯೇ ಇದ್ದಾಗ ಕನ್ನಡಕ್ಕೆ ಜಾಗವಿರಲಿಲ್ಲ. ಆಗ ನಮ್ಮವರು ಒಂದು ಉಪಾಯ ಮಾಡಿದರು. ಅಂಕಿಗಳನ್ನು ಹಾಗೇ ಬಿಟ್ಟು, ಅವುಗಳ ಮೇಲೆ ಕನ್ನಡದ ತಲೆಕಟ್ಟು, ಕೊಂಬು, ಒತ್ತುಗಳ ಚಿತ್ರ ಕೂರಿಸಿದ ಫಾಂಟುಗಳನ್ನು ಮಾಡಿದರು. ಆ ಉಪಾಯ ಇಲ್ಲದಿದ್ದರೆ ಕನ್ನಡದ ಮುದ್ರಣ, ಕಚೇರಿಯ ಕೆಲಸ ಅಷ್ಟು ಬೇಗ ಗಣಕಕ್ಕೆ ಬರುತ್ತಿರಲಿಲ್ಲ. ಆದರೆ ನುಡಿಯ ಪಟ್ಟಿ ಬೇರೆ, ಶ್ರೀಲಿಪಿಯ ಪಟ್ಟಿ ಬೇರೆ. ಆ ಫಾಂಟು ಇಲ್ಲದ ಯಂತ್ರದಲ್ಲಿ ಕಡತ ತೆರೆದರೆ ಕರೆಯೋಲೆಯ ‘ಶ್ರೀಮತಿ ಮತ್ತು ಶ್ರೀ’ ಇರಬೇಕಾದ ಕಡೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಸಂತೆ. ಯೂನಿಕೋಡ್‌ನಲ್ಲಿ ಹಾಗಲ್ಲ. 1991ರ ಮೊದಲ ಆವೃತ್ತಿಯಿಂದಲೇ ಕನ್ನಡಕ್ಕೆ ಅದರಲ್ಲಿ 128 ಮನೆಗಳ ಸ್ವಂತ ಕೇರಿ ಇದೆ. ‘ಅ’ಗೆ 3205, ‘ಕ’ಗೆ 3221. ಇದು ನ್ಯೂಯಾರ್ಕಿನಲ್ಲೂ ಅದೇ, ನರಗುಂದದಲ್ಲೂ ಅದೇ. ವಿಂಡೋಸ್ ಎಕ್ಸ್‌ಪಿ ‘ತುಂಗಾ’ ಎಂಬ ಯೂನಿಕೋಡ್ ಕನ್ನಡ ಫಾಂಟನ್ನು ಜೊತೆಯಲ್ಲೇ ತಂದಿತ್ತು. ಆದರೂ ಡಿ.ಟಿ.ಪಿ. ಅಂಗಡಿಗಳು ಹಳೆಯ ದಾರಿ ಬಿಡಲಿಲ್ಲ, ಏಕೆಂದರೆ ಪೇಜ್‌ಮೇಕರ್‌ಗೆ ಯೂನಿಕೋಡ್ ಬರುವುದಿಲ್ಲ. ಅದರ ಕೊನೆಯ ಆವೃತ್ತಿ 7 ಬಂದದ್ದು 2001ರಲ್ಲಿ. ಅಲ್ಲಿಂದಾಚೆ ಅಡೋಬಿ ಅದನ್ನು ಬೆಳೆಸಲಿಲ್ಲ.

ಅಂದರೆ ನೀವು ವಿಂಡೋಸ್ ಬದಲಿಸುವ ಪ್ರಶ್ನೆ ಎಂದು ತಿಳಿದಿರುವುದು ಅರ್ಧ ಭಾಗ ಕನ್ನಡ ಕಡತಗಳ ಪ್ರಶ್ನೆ. ಇನ್ನೊಂದು ತೊಡಕೂ ಇದೆ. ವಿಂಡೋಸ್ 10ರಲ್ಲಿ 32 ಬಿಟ್ಟಿನದು, 64 ಬಿಟ್ಟಿನದು ಎಂದು ಎರಡು ಬಗೆ. ಹನ್ನೊಂದರಲ್ಲಿ 64 ಬಿಟ್ಟಿನದು ಮಾತ್ರ. ಡಾಸ್ ಕಾಲದ ಹಳೆಯ ಲೆಕ್ಕದ ತಂತ್ರಾಂಶಗಳು 32 ಬಿಟ್ಟಿನ ವಿಂಡೋಸ್‌ನಲ್ಲಿ ಹೇಗೋ ಏಗುತ್ತಿದ್ದವು, 64ರಲ್ಲಿ ನೇರವಾಗಿ ಓಡುವುದೇ ಇಲ್ಲ. ಹಳೆಯ ಪ್ರಿಂಟರು, ಸ್ಕ್ಯಾನರು, ಬೆರಳಚ್ಚು ಯಂತ್ರಗಳ ಚಾಲಕ ತಂತ್ರಾಂಶ ಹೊಸದಕ್ಕೆ ಸಿಗುತ್ತದೆಯೇ ಎಂದು ಹಣ ಕೊಡುವ ಮುಂಚೆ ಕೇಳಬೇಕು, ಕೊಟ್ಟ ಮೇಲಲ್ಲ.

ಸರಿ, ಮಾಡುವುದೇನು? ನಾನಾಗಿದ್ದರೆ ಮೊದಲ ಕೆಲಸ, ‘ಡಿ’ ಡ್ರೈವಿನ ಕೆಲಸದ ಕಡತಗಳನ್ನೆಲ್ಲ ಎರಡು ಕಡೆ ನಕಲು ಮಾಡಿ ಒಂದನ್ನು ಮನೆಯಲ್ಲಿ ಇಡುತ್ತಿದ್ದೆ. ಕೆಲಸ ಮುಗಿದ ಗಿರಾಕಿಗಳ ಆಧಾರ್ ಸ್ಕ್ಯಾನುಗಳನ್ನು ನಕಲು ಮಾಡದೆ ಅಳಿಸುತ್ತಿದ್ದೆ. ‘ಡಿ ಡ್ರೈವ್ ಮುಟ್ಟುವುದಿಲ್ಲ ಸಾರ್’ ಎಂದು ಮಾತು ಕೊಟ್ಟು, ಸಂಜೆಗೆ ‘ಫಾರ್ಮ್ಯಾಟ್ ಆಗಿಬಿಡ್ತು ಸಾರ್’ ಎನ್ನುವ ರಿಪೇರಿಯವರನ್ನು ನಾನು ಕಂಡಿದ್ದೇನೆ.

ಆಮೇಲೆ ವಾಯಿದೆ ಕೇಳಿ. ತಾಲ್ಲೂಕು ಕಚೇರಿಯ ಎದುರು ಕೂತವರಿಗೆ ವಾಯಿದೆಯ ಅರ್ಥ ನಾನು ಹೇಳಬೇಕಾಗಿಲ್ಲ! ವಿಂಡೋಸ್ 10ರ 22ಎಚ್2 ಆವೃತ್ತಿ ಇರುವ ಮನೆಬಳಕೆದಾರರಿಗೆ 2026ರ ಅಕ್ಟೋಬರ್ 13ರವರೆಗೆ ಭದ್ರತೆಯ ತೇಪೆಗಳನ್ನು ಕೊಡುವುದಾಗಿ ಮೈಕ್ರೋಸಾಫ್ಟ್ ಪ್ರಕಟಿಸಿತು. 30 ಡಾಲರ್ ಕೊಡಬೇಕು, ಇಲ್ಲವೇ ಅವರ ಖಾತೆ ತೆರೆದು ಗಣಕದ ಸೆಟ್ಟಿಂಗುಗಳನ್ನು ಅವರಲ್ಲಿ ಉಳಿಸಿಟ್ಟರೆ ಪುಕ್ಕಟೆ. ಸಂಸ್ಥೆಗಳಿಗೆ ಮೊದಲ ವರ್ಷ ಯಂತ್ರಕ್ಕೆ 61 ಡಾಲರ್, ಮುಂದಿನ ಎರಡು ವರ್ಷ ಅದು ದುಪ್ಪಟ್ಟಾಗುತ್ತ ಹೋಗುತ್ತದೆ. ಶಾಲೆಗಳಿಗೆ ಮಾತ್ರ 1, 2, 4 ಡಾಲರ್. ಮೇಷ್ಟ್ರುಗಳು ಇದನ್ನು ಗಮನಿಸಬೇಕು. ನಿಮ್ಮದು ವ್ಯಾಪಾರವಾದ್ದರಿಂದ ಯಾವ ಸಾಲಿಗೆ ಸೇರುತ್ತೀರೆಂದು ಷರತ್ತು ಓದಿ ನೋಡಿ. ನಿಮ್ಮ ಆವೃತ್ತಿ ಯಾವುದೆಂದು ತಿಳಿಯಲು ವಿಂಡೋಸ್ ಕೀಲಿಯ ಜೊತೆ ‘ಆರ್’ ಒತ್ತಿ, ಬರುವ ಪೆಟ್ಟಿಗೆಯಲ್ಲಿ ಡಬ್ಲ್ಯು-ಐ-ಎನ್-ವಿ-ಇ-ಆರ್ ಎಂದು ಟೈಪಿಸಿ.

ವಾಯಿದೆ ಸಿಕ್ಕಲಿ ಬಿಡಲಿ, ಕನ್ನಡ ಕಡತಗಳಲ್ಲಿ ಮತ್ತೆ ಮತ್ತೆ ಬೇಕಾಗುವ ನೂರಿನ್ನೂರು ನಮೂನೆಗಳನ್ನು ಆರಿಸಿ ಯೂನಿಕೋಡ್‌ಗೆ ಬದಲಿಸಲು ಇಂದೇ ಶುರು ಮಾಡಿ. ಕನ್ನಡ ಗಣಕ ಪರಿಷತ್ತಿನ ನುಡಿಯ ಈಚಿನ ಆವೃತ್ತಿಗಳಲ್ಲೇ ಪರಿವರ್ತಕವಿದೆ. ಬದಲಿಸಿದ ಮೇಲೆ ಅರ್ಕಾವೊತ್ತು, ಒತ್ತಕ್ಷರ, ಅಂಕಿಗಳ ಮೇಲೆ ಕಣ್ಣಾಡಿಸಿ. ಸರ್ವೆ ನಂಬರಿನಲ್ಲಿ ಒಂದಂಕಿ ಪಲ್ಲಟವಾದರೆ ಏನಾಗುತ್ತದೆಂದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಉಳಿದವನ್ನು ಪಿ.ಡಿ.ಎಫ್. ಮಾಡಿಟ್ಟರೆ ಓದಲಾದರೂ ಸಿಗುತ್ತವೆ.

ಯಂತ್ರ ಕೊಳ್ಳುವುದಾದರೆ ಹೊಚ್ಚಹೊಸದೇ ಆಗಬೇಕಿಲ್ಲ. ಕಂಪನಿಗಳು ಕಳಚಿಹಾಕಿದ ಎಂಟನೆಯ ಪೀಳಿಗೆಯ ಗಣಕಗಳು ಹೊಸದರ ಅರ್ಧ ಬೆಲೆಗೂ ಕಡಿಮೆಗೆ ಸಿಗುವುದುಂಟು. ಅಧಿಕೃತ ವಿಂಡೋಸ್ 10 ಇರುವ ಅಂಥ ಯಂತ್ರಕ್ಕೆ ಹನ್ನೊಂದು ಪುಕ್ಕಟೆ. ಇಂಟರ್ನೆಟ್ಟು, ಆಧಾರ್, ಬ್ಯಾಂಕಿನ ಕೆಲಸವೆಲ್ಲ ಅದರಲ್ಲಿ. ಒಂದು ಮುನ್ನೆಚ್ಚರಿಕೆ: ಹನ್ನೊಂದರ ಈಚಿನ ಆವೃತ್ತಿಗಳನ್ನು ಹೊಸದಾಗಿ ಕೂರಿಸಿದಾಗ ಅವು ಡಿಸ್ಕಿಗೆ ತಾವೇ ಗುಪ್ತಲಿಪಿಯ ಬೀಗ ಹಾಕುವುದುಂಟು. ಅದರ 48 ಅಂಕಿಗಳ ಕೀಲಿಯನ್ನು ಕಾಗದದಲ್ಲಿ ಬರೆದು ಮನೆಯ ಬೀರುವಿನಲ್ಲಿಡಿ. ಇಲ್ಲದಿದ್ದರೆ ಮುಂದೊಂದು ದಿನ ನಿಮ್ಮ ಕಡತ ನಿಮಗೇ ಸಿಗದು.

ಹಳೆಯದನ್ನು ಎಸೆಯಬೇಡಿ. ಇಂಟರ್ನೆಟ್ಟಿನ ತಂತಿ ಕಿತ್ತು, ವೈಫೈ ಆರಿಸಿ, ಪೇಜ್‌ಮೇಕರ್ ಕೆಲಸಕ್ಕೆ ಅದನ್ನು ಇಟ್ಟುಕೊಳ್ಳಿ. ಆಗ ಉಳಿಯುವ ಬಾಗಿಲು ಪೆನ್‌ಡ್ರೈವ್ ಒಂದೇ. ಅದೇನು ಸಣ್ಣ ಬಾಗಿಲಲ್ಲ. ಇಂಟರ್ನೆಟ್ಟಿಗೆ ಸೇರಿಸದೆ ಇಟ್ಟಿದ್ದ ಇರಾನಿನ ಅಣುಸ್ಥಾವರದೊಳಗೆ ಸ್ಟಕ್ಸ್‌ನೆಟ್ ಹುಳು ನುಗ್ಗಿದ್ದು ಪೆನ್‌ಡ್ರೈವಿನ ದಾರಿಯಲ್ಲೇ ಎಂದು 2010ರಲ್ಲಿ ಅದು ಪತ್ತೆಯಾದ ಮೇಲೆ ಅಧ್ಯಯನ ಮಾಡಿದವರು ಹೇಳಿದ್ದಾರೆ. ಗಿರಾಕಿ ತಂದ ಪೆನ್‌ಡ್ರೈವನ್ನು ಮೊದಲು ಹೊಸ ಯಂತ್ರಕ್ಕೆ ಹಾಕಿ, ಪರೀಕ್ಷಿಸಿದ ಮೇಲೆ ಬೇಕಾದದ್ದನ್ನಷ್ಟೆ ನಿಮ್ಮ ಸ್ವಂತ ಪೆನ್‌ಡ್ರೈವಿನಲ್ಲಿ ದಾಟಿಸಿ.

ಲಿನಕ್ಸ್ ಹಾಕಬಾರದೇ ಎಂದು ಕೆಲವರು ಕೇಳುತ್ತಾರೆ. ಖಂಡಿತ ಹಾಕಬಹುದು. ಕೇರಳದ ಸರ್ಕಾರಿ ಶಾಲೆಗಳು ವರ್ಷಗಳಿಂದ ಅದರಲ್ಲೇ ಪಾಠ ಮಾಡುತ್ತಿವೆ. ನಮ್ಮ ಪ್ರಯೋಗಾಲಯದ ಯಂತ್ರಗಳಿಗೆ ನನ್ನ ಮತವೂ ಅದಕ್ಕೇ. ಆದರೆ ಪೇಜ್‌ಮೇಕರನ್ನೂ ಬೆರಳಚ್ಚು ಯಂತ್ರವನ್ನೂ ನಂಬಿ ಬದುಕುವ ನಿಮಗೆ ನಾನು ಅದನ್ನು ಹೇಳಲಾರೆ. ಅದನ್ನು ಪ್ರಯೋಗಿಸುವವರು 32 ಬಿಟ್ಟಿನ ತೀರಾ ಹಳೆಯ ಯಂತ್ರಗಳಿಗೆ ಅಲ್ಲೂ ಬಾಗಿಲು ಮುಚ್ಚುತ್ತಿದೆ ಎಂಬುದನ್ನು ಗಮನಿಸಿ. 2025ರ ಆಗಸ್ಟಿನಲ್ಲಿ ಬಂದ ಡೆಬಿಯನ್ 13ರಲ್ಲಿ ಅವುಗಳಿಗೆ ಅನುಸ್ಥಾಪಕವೇ ಇಲ್ಲ.

ಕೊನೆಯದಾಗಿ, ಹಳೆಯದನ್ನು ಕೊಟ್ಟರೆ ಎರಡು ಸಾವಿರ ಬಿಡುತ್ತೇನೆ ಎಂದು ಮಾರುವವರು ಹೇಳಿದ್ದಾರೆ ಎಂದು ಬರೆದಿದ್ದೀರಿ. ಕೊಡುವ ಮನಸ್ಸಾದರೆ ಡಿಸ್ಕನ್ನು ಬಿಚ್ಚಿ ಇಟ್ಟುಕೊಂಡು ಕೊಡಿ. ಕಡತ ಅಳಿಸಿದರೆ ಅದರ ಹೆಸರು ಪಟ್ಟಿಯಿಂದ ಹೋಗುತ್ತದೆಯೇ ಹೊರತು, ಅದರ ಮೇಲೆ ಬೇರೆಯದನ್ನು ಬರೆಯುವವರೆಗೆ ಒಳಗಿನ ಮಾಹಿತಿ ಡಿಸ್ಕಿನ ಮೇಲೆ ಹಾಗೇ ಇರುತ್ತದೆ. ತೆಗೆಯುವುದೂ ಕಷ್ಟವಲ್ಲ, ಎರಡು ತಂತಿ, ನಾಲ್ಕು ತಿರುಪು.